ಚಿಕ್ಕಮ್ಮ ಹೇಳಿದ ‘ಅಲ್ಲ’

ಮಗ್ಗದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನ ಮಗ್ಗಗಳನ್ನೆಲ್ಲ ನಿಲ್ಲಿಸಿ ಟಿವಿ ಮುಂದೆ ಕೂತಿದ್ದೆವು. ಅದಕ್ಕೆ ಕೆಲವು ತಿಂಗಳ ಮುಂಚೆ ಊರ ಕೆರೆಯ ಹೂಳೆತ್ತುವಾಗ ದಪ್ಪನೆಯ ಮೂಳೆಯೊಂದು ಸಿಕ್ಕಿತ್ತು. ಡೈನೋಸಾರ್ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ಬಂದು, ವಿಜ್ಞಾನದ ಟೀಚರಾಗಿದ್ದ ನನ್ನ ಚಿಕ್ಕಮ್ಮನನ್ನು ಮಾತಾಡಿಸಿದ್ದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ.

“ಇದು ಡೈನೋಸಾರ್ ಮೂಳೆ ಅಲ್ಲ. ಆನೇದಿರಬೇಕು. ನಮ್ಮ ಕಡೆ ಬಂಡೆಗಳು ಡೈನೋಸಾರ್‌ಗಿಂತ ಎಷ್ಟೋ ಹಳೇವು,” ಅಂದಿದ್ದಳು.

ಆ ಭಾನುವಾರ ಸಾಕ್ಷ್ಯಚಿತ್ರ ಪ್ರಸಾರವಾದಾಗ ಟಿವಿಯಲ್ಲಿ ಚಿಕ್ಕಮ್ಮ, “ಇದು ಡೈನೋಸಾರ್ ಮೂಳೆ,” ಅಂದಳು. ಅಷ್ಟೇ. ‘ಅಲ್ಲ’ ಅನ್ನುವುದನ್ನು ಕತ್ತರಿಸಿ ಬಿಸಾಕಿದ್ದರು. ಹಿಂದೆಯೇ ದೈತ್ಯ ಪ್ರಾಣಿಯೊಂದು ಗರ್ಜಿಸಿತು.

ಚಿಕ್ಕಮ್ಮ ತಕ್ಷಣ ಸಾಕ್ಷ್ಯಚಿತ್ರದವರಿಗೆ ಫೋನ್ ಮಾಡಿದಳು. “ಜನಕ್ಕೆ ಇಷ್ಟ ಆಗುತ್ತೆ ಬಿಡಿ ಮೇಡಂ,” ಅಂದನಂತೆ ಆ ಕಡೆಯವನು.

“ಹೋಗ್ಲಿ ಬಿಡಮ್ಮ, ಟಿವೀಲಿ ಬಂದ್ಯಲ್ಲ,” ಅಂದರು ತಾತ.

ಅಷ್ಟರಲ್ಲಿ ಬೀದಿಯವರೆಲ್ಲ ನಗುನಗುತ್ತಾ ಬಂದರು. “ಊರಿಗೇ ಹೆಸರು ತಂದ್ಬಿಟ್ರಿ ಮೇಡಂ!”

ಚಿಕ್ಕಮ್ಮ ಅವರನ್ನು ಒಳಗೆ ಕರೆದು ಚಾಪೆ ಹಾಸಿ ಕೂರಿಸಿದಳು.

“ನಾನು ಹೇಳಿದ್ದನ್ನ ಪೂರ್ತಿ ಕೇಳ್ಕೊಂಡು ಹೋಗಿ,” ಅಂದಳು.

ಬಾಗಿಲ ಚಿಲಕ ಹಾಕಿದವಳು ನಾನೇ.