ಒಂದೇ ಟೇಪಿನ ಎರಡು ಲಾಲಿ

ಕ್ಯಾಸೆಟ್ ಹೊರತೆಗೆದ ಸೊಸೆಯ ಕೈ ಗಾಳಿಯಲ್ಲೇ ನಿಂತಿತು. ಮಗುವಿಗೆಂದು ಈಗಷ್ಟೇ ತಾನು ಹಾಡಿ ತುಂಬಿದ್ದು ಹೊಸ ಕ್ಯಾಸೆಟ್ಟಿಗಲ್ಲ, ತೀರಿಹೋದ ಅತ್ತೆಯ ಲಾಲಿ ಇದ್ದ ಕ್ಯಾಸೆಟ್ಟಿಗೆ. ಅತ್ತೆಯ ದನಿ ಈ ಲೋಕದಲ್ಲಿ ಉಳಿದಿದ್ದದ್ದು ಅದೊಂದರಲ್ಲೇ.

“ಅಮ್ಮನ್ನ ಅಳಿಸಿಬಿಟ್ಯಾ?” ಬಾಗಿಲಲ್ಲಿ ನಿಂತ ಗಂಡ ದನಿ ಏರಿಸದೆಯೇ ಕೇಳಿದ. “ಹಾಕು, ಕೇಳೋಣ.”

ಮೊದಲು ಬಂದದ್ದು ಅವಳದೇ ಹಾಡು. ಆಮೇಲೆ ಅದರಡಿಯಿಂದ, ಗೋಡೆಯಾಚೆ ಯಾರೋ ಇದ್ದಂತೆ, ತೊಟ್ಟಿಲ ಮರಕ್ಕೆ ಅಂಗೈ ತಟ್ಟುವ ಸದ್ದು. ಹಿಂದೆಯೇ ಅತ್ತೆಯ ಲಾಲಿ. ಊರವರ ರೇಡಿಯೊಗಳನ್ನೆಲ್ಲ ರಿಪೇರಿ ಮಾಡುವ ಗಂಡ, ಮನೆಯ ಟೇಪ್‌ರೆಕಾರ್ಡರಿನಲ್ಲಿ ಹಳೆಯದನ್ನು ಅಳಿಸುವ ಭಾಗ ಕೆಟ್ಟಿದ್ದರೂ ನಾಳೆ ನೋಡ್ತೀನಿ ಎನ್ನುತ್ತಲೇ ವರ್ಷ ಕಳೆದಿದ್ದ. ಅತ್ತೆ ಬದುಕಿದ್ದಾಗ ಉಪ್ಪು-ಹುಳಿಗೂ ಹೊಂದದ ಜೋಡಿ ಅದು. ಆದರೆ ಒಂದೇ ತೊಟ್ಟಿಲು ತೂಗುತ್ತ ಹಾಡಿದ್ದಲ್ಲವೇ ಇಬ್ಬರೂ! “ನಿಂಗೆ ತಾಳಾನೇ ಇಲ್ಲ ಕಣೇ” ಎಂದು ಮೂದಲಿಸುತ್ತಿದ್ದ ಅತ್ತೆಯ ಅಂಗೈ ಈಗ ಸೊಸೆಯ ಹಾಡಿಗೆ ತಾಳ ಹಾಕುತ್ತಿತ್ತು. ಅವಳು ಉಸಿರಿಗೆ ನಿಂತಲ್ಲೆಲ್ಲ ಆ ಹಳೆಯ ದನಿ ಮುಂದೆ ಬಂದು ಹಾಡನ್ನು ಎತ್ತಿಕೊಳ್ಳುತ್ತಿತ್ತು, ಅಳುವ ಮಗುವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಎತ್ತಿಕೊಳ್ಳುವ ಹಾಗೆ.

ಗಂಡ ನೆಲದ ಮೇಲೆ ಕೂತುಬಿಟ್ಟ. “ಜಗಳ ಆಡ್ತಿಲ್ಲ ಕಣೇ ಇಬ್ರೂ,” ಎಂದ, ಕಣ್ಣೊರೆಸಿಕೊಳ್ಳುತ್ತ. ಅವಳು ಕ್ಯಾಸೆಟ್ ತೆಗೆದು, ತಲೆಯ ಪಿನ್ನು ಬಿಚ್ಚಿ, ಅದರಿಂದ ಕ್ಯಾಸೆಟ್ಟಿನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ತುಣುಕನ್ನು ಟಕ್ಕೆಂದು ಮುರಿದಳು, ಇನ್ನು ಅದರ ಮೇಲೆ ಯಾರೂ ಏನೂ ತುಂಬಲಾಗದಂತೆ.