ಮನೆಯಲ್ಲಿ ಕರೆಯುವ ಹೆಸರು

"ಮುರಿಗೆಪ್ಪ! ಮುರಿಗೆಪ್ಪ! ಇನ್ನ ಎಷ್ಟ ಸಲ ಹೇಳ್ಲೆವಾ? ಮೊದ್ಲ ಆ ಖಾತೆಗೆ ಕೀಲಿ ಹಾಕು!"

ಹೆಡ್‌ಫೋನಿನಲ್ಲಿ ಹೆಂಗಸು ಕಿರುಚುತ್ತಿದ್ದಳು. ಶಿವಕುಮಾರಿ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಉತ್ತರ ಸರಿಯಾಗಿತ್ತು. ಆದರೆ ಹೆಂಗಸು ಕಳ್ಳಿ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಜನ ತಮ್ಮ ಫೋಟೋ, ವಿಡಿಯೋಗಳನ್ನು ಇಂಟರ್ನೆಟ್ಟಿನಲ್ಲಿ ಕೂಡಿಡುವ ಒಂದು ಆ್ಯಪ್‌ನ ಆಫೀಸು ಅದು, ಗೋರೆಗಾಂವ್‌ನಲ್ಲಿ. ಪಾಸ್‌ವರ್ಡ್ ಮರೆತ ಕನ್ನಡದವರ ಫೋನೆಲ್ಲ ಶಿವಕುಮಾರಿಗೇ ಬರುತ್ತಿತ್ತು. ಖಾತೆಯವನು ತಾನೇ ಬರೆದಿಟ್ಟ ಗುಟ್ಟಿನ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಹೊಸ ಪಾಸ್‌ವರ್ಡ್. ಅದಾದ ಮೇಲೆ ನಾಲ್ಕು ಗಂಟೆ ಕಾಲ ಏನನ್ನೂ ಅಳಿಸುವಂತಿಲ್ಲ. ಆಮೇಲೆ ಅವರವರ ಇಷ್ಟ.

ಈ ಖಾತೆ ಗಾರೆ ಕೆಲಸದ ಗೌಂಡಿ ಸಿದ್ದಲಿಂಗಪ್ಪನದು. ಅವನು ಬರೆದಿಟ್ಟ ಪ್ರಶ್ನೆ: ಮನೆಯಲ್ಲಿ ನನ್ನನ್ನು ಕರೆಯುವ ಹೆಸರೇನು?

ಮಗನಿಗೆ ಅಜ್ಜನ ಹೆಸರಿಟ್ಟರೆ ತಾಯಿ ಆ ಹೆಸರು ಹಿಡಿದು ಕೂಗುವಂತಿಲ್ಲ, ಮಾವನ ಹೆಸರಲ್ಲವೇ! ಹಾಗಾಗಿ ದಾಖಲೆಗೊಂದು ಹೆಸರು, ಮನೆಗೊಂದು ಹೆಸರು. ವಿಜಯಪುರದ ಕಡೆಯ ಶಿವಕುಮಾರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಅಣ್ಣನಿಗೂ ಎರಡು ಹೆಸರು.

ಬೆಳಿಗ್ಗೆ ಹನ್ನೊಂದೂವರೆಗೆ ಸಿದ್ದಲಿಂಗಪ್ಪನ ಹೆಂಡತಿ ಚನ್ನವ್ವ ಫೋನ್ ಮಾಡಿದ್ದಳು. ಪಾಪ, ದನಿಯೇ ಏಳುತ್ತಿರಲಿಲ್ಲ. ಬೊರಿವಲಿಯ ಹೊಸ ಬಿಲ್ಡಿಂಗಿನಲ್ಲಿ ಅಟ್ಟಣಿಗೆ ಮುರಿದು ಗಂಡ ಬಿದ್ದು ಸತ್ತಿದ್ದಾನೆ. ಅದರ ಬಿದಿರು ಕೊಳೆತದ್ದನ್ನು ಅವನು ಮೊದಲೇ ವಿಡಿಯೋ ಮಾಡಿದ್ದ. ಫೋನು ಅವನ ಜೊತೆಗೇ ಪುಡಿಯಾಗಿದೆ. ಉಳಿದಿರುವುದು ಖಾತೆಯಲ್ಲಿರುವ ಒಂದೇ ಪ್ರತಿ. ನಾಳೆ ವಿಚಾರಣೆ. ವಿಡಿಯೋ ಇಲ್ಲದಿದ್ದರೆ ಕುಡಿದು ಬಿದ್ದ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದಾಗ ಚನ್ನವ್ವ ಬಿಕ್ಕಿದ್ದಳು. "ಗಂಡನ ಹೆಸರ ಬಾಯಿಲೆ ಹ್ಯಾಂಗ ಹೇಳ್ಲೆವಾ?"

ಶಿವಕುಮಾರಿಯ ಕಣ್ಣು ತುಂಬಿತ್ತು. ತನ್ನ ಅವ್ವನೂ ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ಹೀಗೇ ಹೇಳಲಾರದೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. "ಇರ್ಲಿ ಬಿಡ್ರಿ ಅಕ್ಕಾರ, ಅಳಬ್ಯಾಡ್ರಿ" ಎಂದು ಸಮಾಧಾನ ಮಾಡಿ, ಕೆಲಸ ಮುಗಿಸಿಕೊಟ್ಟಿದ್ದಳು.

ಫೋನಿಡುವ ಮುಂಚೆ ಚನ್ನವ್ವ ಇನ್ನೊಂದು ಮಾತು ಹೇಳಿದ್ದಳು. "ಬಿಲ್ಡರ್ ಕಡೆಯಾಕಿ ಯಾವಾಕಿಯರ ನನ್ನ ಹೆಸರ್ಲೆ ಫೋನ್ ಮಾಡ್ಯಾಳು. ಹುಷಾರಿ ಇರವಾ."

ಈಗ ಮಾಡಿದ್ದಾಳೆ.

"ನಾನ ಚನ್ನವ್ವ! ಮುಂಜಾನಿತನಾ ಆ ವಿಡಿಯೋ ನನ್ನ ಫೋನಿನ್ಯಾಗ ಕಾಣ್ತಿತ್ತು. ಈಗ ಖಾತೆನ ತೆರೀವಲ್ದು. ಯಾರೋ ಒಳಗ ಹೊಕ್ಕಾರ, ಅಳಿಸಿ ಒಗೀತಾರ!"

"ಗಂಡನ ಹೆಸರ ಇಷ್ಟ ಸಲೀಸ ಹೇಳ್ತೀರಲ್ಲ, ಯಾ ಊರವ್ರು ನೀವು?" ಶಿವಕುಮಾರಿ ಕುಟುಕಿದಳು.

ಆ ಕಡೆಯ ಹೆಂಗಸು ದನಿ ತಗ್ಗಿಸಿದಳು.

"ಆಸ್ಪತ್ರ್ಯಾಗ ಕೇಳಿದ್ರು, ಹೇಳಿದೆ. ಪೊಲೀಸ್ರು ಕೇಳಿದ್ರು, ಹೇಳಿದೆ. ಹೆಣ ಕೊಡೋವಾಗ ಮೂರ ಸಲ ಹೇಳಿಸಿದ್ರು. ಇನ್ನೆಲ್ಲಿ ನಾಚಿಕಿವಾ ನನಗ?"

ಶಿವಕುಮಾರಿ ತುಟಿ ಕೊಂಕಿಸಿದಳು. ಎಂಥ ನಾಟಕ, ಎಂದುಕೊಂಡಳು. ಕರೆ ಕತ್ತರಿಸಿದಳು.

ಆದರೂ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿದಳು. ಕಿಟಕಿಯ ತನಕ ಹೋಗಿ ಬಂದಳು. ಗಡಿಯಾರದಲ್ಲಿ ಮೂರೂ ಮೂವತ್ತೆರಡು. ಕೊನೆಗೆ ಮೇಲ್ವಿಚಾರಕ ಸುಹಾಸನ ಮೇಜಿನ ಮುಂದೆ ನಿಂತು ಎಲ್ಲವನ್ನೂ ಒದರಿದಳು. ಕಳ್ಳಿಯನ್ನು ಹಿಡಿದ ಬಗೆ ಹೇಳುವಾಗ ಹೆಮ್ಮೆ ಬೇಡವೆಂದರೂ ಇಣುಕಿತು. "ನಮ್ಮ ಕಡೆ ಹೆಂಗಸ್ರು ಗಂಡನ ಹೆಸರ ಹೇಳಂಗಿಲ್ರಿ ಸರ್. ಉಡುಪಿಯವ್ರು ನಿಮಗ ಇದೆಲ್ಲ ತಿಳಿಯಂಗಿಲ್ಲ."

ಸುಹಾಸ ನಗಲಿಲ್ಲ. ಬೆಳಗಿನ ಕರೆಯ ರೆಕಾರ್ಡಿಂಗ್ ಹಾಕಿ ಹೆಡ್‌ಫೋನ್ ಕಿವಿಗಿಟ್ಟುಕೊಂಡ. ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿದ. ಅವನ ಮುಖದ ಬಣ್ಣ ಇಳಿಯಿತು. ಗಡಿಬಿಡಿಯಲ್ಲಿ ಸಿದ್ದಲಿಂಗಪ್ಪನ ಖಾತೆ ತೆರೆದ.

ಖಾಲಿ. ಎರಡು ನಿಮಿಷದ ಹಿಂದೆ ಎಲ್ಲವನ್ನೂ ಅಳಿಸಲಾಗಿತ್ತು.

"ಬೆಳಿಗ್ಗೆಯ ಆ ಹೆಂಗಸಿಗೆ ಉತ್ತರ ಗೊತ್ತಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?" ಎಂದ ಸುಹಾಸ, ಹೆಡ್‌ಫೋನಿನ ವಯರು ಕಿತ್ತು, ಅವಳಿಗೂ ಕೇಳುವಂತೆ ರೆಕಾರ್ಡಿಂಗ್ ಹಚ್ಚಿದ.

"ಇರ್ಲಿ ಬಿಡ್ರಿ ಅಕ್ಕಾರ, ಅಳಬ್ಯಾಡ್ರಿ" ಎನ್ನುತ್ತಿತ್ತು ಶಿವಕುಮಾರಿಯದೇ ದನಿ. "ನಾನ ಹೇಳ್ತೀನಿ, ನೀವು ಹೂಂ ಅಂದ್ರ ಸಾಕು. ಮುರಿಗೆಪ್ಪ, ಅಲ್ಲೇನ್ರಿ?"