ಕೈಯ ವಾಸನೆ

"ನಿಮ್ಮ ಕೈಯ ವಾಸನೆಗೆ ಮಗು ಮುಖ ತಿರುಗಿಸುತ್ತೆ ಅಂತ ಯಾರಿಗೆ ಅನ್ನಿಸಿದೆ? ಕೈ ಎತ್ತಿ" ಎಂದ ಬೆಂಗಳೂರಿನಿಂದ ಬಂದಿದ್ದ ಸೋಪಿನ ಕಂಪನಿಯ ಅಧಿಕಾರಿ. ನಿಪ್ಪಾಣಿಯ ಆ ಬೀಡಿ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತಿದ್ದ ಹೆಂಗಸರು ಬೀಡಿ ಸುತ್ತುವುದನ್ನು ನಿಲ್ಲಿಸಿದರು. ಸಣ್ಣ ಕೂಸಿನ ತಾಯಿ ರುಕ್ಮವ್ವನ ಬಲಗೈ ಮೆಲ್ಲಗೆ ಮೇಲೇಳತೊಡಗಿತು. ಜಾಹೀರಾತಿನ ಫೋಟೋದವನು ಕ್ಯಾಮೆರಾ ಕಣ್ಣಿಗೆ ಹಿಡಿದ.

ಆ ಪ್ರಶ್ನೆ ಬರೆದುಕೊಟ್ಟವಳು ಅವನ ಪಕ್ಕದಲ್ಲೇ ನಿಂತಿದ್ದ ಜಿನಮತಿ. ಧಾರವಾಡದಲ್ಲಿ ಮನಃಶಾಸ್ತ್ರ ಓದಿದ್ದಳು; ಗಂಡ ಸತ್ತ ಮೇಲೆ ಸಿಕ್ಕ ಮೊದಲ ಕೆಲಸ ಇದು. ಕಂಪನಿಯ ಲೆಕ್ಕ ಇಷ್ಟೇ: ಮೊದಲು ನಾಚಿಕೆ ಹುಟ್ಟಿಸಬೇಕು, ಆಮೇಲೆ ಸೋಪು ಮಾರಬೇಕು. ಬರೆಯುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ; ವರ್ಷದಿಂದ ಯಾವುದೂ ಅನ್ನಿಸುತ್ತಿರಲಿಲ್ಲ. ಈಗ ರುಕ್ಮವ್ವ ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ಬೇರೆ ಯಾರದೋ ಕೈಯೆಂಬಂತೆ ಮೂಸಿ ನೋಡಿದಳು.

"ಕೈ ಇಳಸ ತಂಗಿ" ಎಂದಳು ಜಿನಮತಿ. "ನಿನ್ನಿತನಕ ನಿನ್ನ ಕೂಸು ಇದ ಕೈಲೆ ಉಂಡೈತಿ. ಆ ಪ್ರಶ್ನಿ ಬರದಾಕಿ ನಾನ. ನಿಮಗ ನಾಚಿಕಿ ಬಂದ್ರನ ಇವರ ಸೋಪ್ ಹೋಗ್ತೈತಿ."

"ಮೇಡಂ, ನಾಳೆಯಿಂದ ನೀವು ಬರೋದು ಬೇಡ" ಎಂದ ಅಧಿಕಾರಿ.

ಮುದುಕಿ ಅಕ್ಕಾತಾಯಿ ಪುಕ್ಕಟೆ ಹಂಚಿದ್ದ ಸೋಪನ್ನು ಎತ್ತಿಕೊಂಡಳು. ದಿನಾ ಸಂಜೆ ಕೆಟ್ಟ ಬೀಡಿ ಆರಿಸಿ ತೆಗೆಯುವ ಚೆಕ್ಕರ್ ಅವಳ ಬೀಡಿಗಳನ್ನು ನೋಡುವ ಹಾಗೆಯೇ ಬೆರಳಲ್ಲಿ ಹೊರಳಿಸಿ, ಒತ್ತಿ, ತುಟಿ ಓರೆ ಮಾಡಿದಳು. "ಇದು ನಡ್ಯಾಂಗಿಲ್ರಿ ಸಾಹೇಬ್ರ" ಎಂದು ಕೆಟ್ಟ ಬೀಡಿಗಳ ಬುಟ್ಟಿಗೆ ಎಸೆದಳು. ಸಾಲಿನುದ್ದಕ್ಕೂ ಸೋಪುಗಳು ಒಂದೊಂದಾಗಿ ಬುಟ್ಟಿಗೆ ಬಿದ್ದವು. ರುಕ್ಮವ್ವನದೂ ಬಿತ್ತು. ಕೊನೆಗೆ ಬಿದ್ದದ್ದು ಜಿನಮತಿ ತನ್ನ ಕೈಯಾರೆ ಎಸೆದ ಪ್ರಶ್ನೆಗಳ ಹಾಳೆ.